ಕೇಮನ್‌ನ ಹಿಂದಿನ ಟೈರು: 9 ಸಾವಿರದಿಂದ 19 ಸಾವಿರಕ್ಕೆ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಪೋರ್ಶೆ 718 ಕೇಮನ್. ಹಿಂದಿನ ಟೈರಿನ ಅಳತೆ 265/40 ಆರ್19 (ಅಗಲ 265 ಮಿ.ಮೀ.), ಮುಂದಿನದು 235/40. ಶಿವಮೊಗ್ಗದಲ್ಲಿ ವೀಲ್ ಅಲೈನ್‌ಮೆಂಟ್ ಮಾಡುವ ನನ್ನ ಕೈಗೆ ಬರುವ ಮೊದಲು ಹಿಂದಿನ ಜೋಡಿ 9 ಸಾವಿರ ಕಿಲೋಮೀಟರಿಗೆಲ್ಲ ಒಳ ಅಂಚಿನಲ್ಲಿ ನೂಲು ತೋರಿಸುತ್ತಿತ್ತು. ಈಗಲೂ ಅದೇ ಕಾರು, ಅದೇ ಕಾಲು, ಅದೇ ಆಗುಂಬೆ ಘಾಟಿ, ಅದೇ ಮೆತ್ತನೆಯ ಟೈರು. ಕಳೆದ ಜೋಡಿಯನ್ನು 19 ಸಾವಿರ ದಾಟಿದ ಮೇಲೆ ಬಿಚ್ಚಿದೆ. ಗೇಜ್ ಇಟ್ಟರೆ ಒಳಗೆ, ನಡುವೆ, ಹೊರಗೆ ಮೂರೂ ಕಡೆ ಹೆಚ್ಚುಕಡಿಮೆ 3 ಮಿ.ಮೀ. ಬಟನ್ (ಟೈರಿನ ಮೇಲ್ಮೈಯ ಹಲ್ಲುಗಳ ಎತ್ತರ) ಉಳಿದಿತ್ತು. ಶಿವಮೊಗ್ಗದಲ್ಲಿ ಇದು ಆಗುವ ಮಾತಲ್ಲ ಎಂದವರು ಬಹಳ ಜನ. ಅವರಿಗಾಗಿಯೇ ಬರೆಯುತ್ತಿದ್ದೇನೆ.

3 ಮಿ.ಮೀ.ಗೇ ಯಾಕೆ ಬಿಚ್ಚಿದೆ ಎಂದು ಕೆಲವರು ಕೇಳಿದರು. ಸವೆತದ ಗುರುತು ಇರುವುದು 1.6ರಲ್ಲಿ, ನಿಜ. ಆದರೆ ಜುಲೈ ತಿಂಗಳ ಆಗುಂಬೆ ಮಳೆಯಲ್ಲಿ 265 ಅಗಲದ ಟೈರು 2 ಮಿ.ಮೀ. ಬಟನ್ ಇಟ್ಟುಕೊಂಡು ಓಡಿದರೆ ನೀರಿನ ಮೇಲೆ ತೇಲುತ್ತದೆ. ಟೈರು ಅಗಲವಾದಷ್ಟೂ ನೀರು ಪಕ್ಕಕ್ಕೆ ಹೋಗುವುದು ಕಷ್ಟ. ಮಲೆನಾಡಿನಲ್ಲಿ ನನ್ನ ಲೆಕ್ಕ 3ಕ್ಕೇ ನಿಲ್ಲುತ್ತದೆ, ಇದರಲ್ಲಿ ಚೌಕಾಸಿ ಇಲ್ಲ.

ಮಾಲೀಕರು ಮೊದಲ ಸಲ ಬಂದಾಗ ಟೈರಿನ ಬಿಲ್ಲುಗಳನ್ನೆಲ್ಲ ತಂದಿದ್ದರು. ಹಿಂದಿನ ಜೋಡಿಗೇ ಕೂಲಿ ಸೇರಿ 80 ಸಾವಿರದ ಆಸುಪಾಸು, ಅದೂ ಸುಮಾರು ವರ್ಷಕ್ಕೊಮ್ಮೆ. "ತೋಟಕ್ಕೆ ಕೊಳೆರೋಗ, ಕಾರಿಗೆ ಟೈರು, ಎಂತ ಮಾಡೋದು ಮಾರಾಯ್ರೆ?" ಅಂದರು. ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ "ಸ್ಪೋರ್ಟ್ಸ್ ಕಾರಿನ ಟೈರು ಇರೋದೇ ಹಾಗೆ, ಬುಗಾಟಿ ವೇರಾನ್‌ದು ಪೂರ್ತಿ ಸ್ಪೀಡಲ್ಲಿ 15 ನಿಮಿಷಕ್ಕೇ ಮುಗಿಯುತ್ತೆ" ಎಂದು ಹೇಳಿ ಕಳಿಸಿದ್ದರಂತೆ. ವೇರಾನ್ ಮಾತು ಸರಿಯೇ, ಟೈರಿಗಿಂತ ಮೊದಲು ಪೆಟ್ರೋಲೇ ಮುಗಿಯುತ್ತದೆ. ಆದರೆ ಅದು ಗಂಟೆಗೆ 400 ಕಿ.ಮೀ. ಮೀರಿದ ವೇಗದ ಮಾತು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಕಾರಿಗೆ ಆ ಲೆಕ್ಕ ಹೇಳಿ 80 ಸಾವಿರ ಕೀಳುವುದು ನನಗೆ ಒಪ್ಪಿಗೆಯಾಗಲಿಲ್ಲ.

ಅಷ್ಟರೊಳಗೆ ಅವರು ಮೂರು ಉಪಾಯ ಮಾಡಿ ಮುಗಿಸಿದ್ದರು. ನೈಟ್ರೋಜನ್ ತುಂಬಿಸಿದ್ದರು, ಏನೂ ಬದಲಾಗಿರಲಿಲ್ಲ. ಯಾರೋ ಹೇಳಿದರೆಂದು ಗಾಳಿಯನ್ನು ನಾಲ್ಕೈದು ಪಿಎಸ್‌ಐ ಏರಿಸಿದ್ದರು. ಒಳ ಅಂಚು ತನ್ನ ಪಾಡಿಗೆ ಸವೆಯುತ್ತಲೇ ಇತ್ತು, ಜೊತೆಗೆ ನಡುವೂ ಸವೆಯತೊಡಗಿತು. ಮೂರನೆಯದು ದುಬಾರಿ: ಟ್ರೆಡ್‌ವೇರ್ (ಎಷ್ಟು ಬಾಳುತ್ತದೆ ಎಂದು ಟೈರಿನ ಮೇಲೆ ಬರೆದ ಅಂಕಿ) 500 ದಾಟಿದ, ದೂರ ಓಡಾಟದ ಟೂರಿಂಗ್ ಟೈರು ಹಿಂದಕ್ಕೆ ಮಾತ್ರ. 50 ಸಾವಿರದಷ್ಟು ಖರ್ಚು. ಸವೆತ ಕಡಿಮೆಯೇನೋ ಆಯಿತು, ಆದರೆ ಮೊದಲ ಮಳೆಗೆ ಘಾಟಿಯ ತಿರುವಿನಲ್ಲಿ ಹಿಂಭಾಗ ಜಾರತೊಡಗಿ ಡ್ಯಾಶ್‌ಬೋರ್ಡಿನ ಟ್ರ್ಯಾಕ್ಷನ್ ದೀಪ ಮಿನುಗುವುದೇ ನಿಲ್ಲಲಿಲ್ಲ. ಮುಂದೆ ಹಿಡಿಯುವ ಟೈರು, ಹಿಂದೆ ಜಾರುವ ಟೈರು ಇದ್ದರೆ ಎಂಜಿನ್ ಸೀಟಿನ ಹಿಂದಿರುವ ಈ ಕಾರು ಹಿಂಭಾಗ ಜಾರಿ ಸುತ್ತುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಆ ಟೈರು ಈಗಲೂ ಅವರ ಅಡಿಕೆ ಮನೆಯ ಅಟ್ಟದಲ್ಲಿದೆ.

ಟ್ರೆಡ್‌ವೇರ್ ಅಂಕಿಯ ಬಗ್ಗೆ ಒಂದು ಮಾತು. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಮೇಲೆ 300 ಅಂತಿರುತ್ತದೆ. ಗಿರಾಕಿಗಳು ಅದನ್ನು ಕಿಲೋಮೀಟರಿಗೆ ಗುಣಿಸುತ್ತಾರೆ. ಅದು ಅಮೆರಿಕದ ಟೆಕ್ಸಾಸಿನಲ್ಲಿ 640 ಕಿ.ಮೀ. ಸುತ್ತಿನ ರಸ್ತೆಯಲ್ಲಿ ಒಟ್ಟು ಸುಮಾರು 11,600 ಕಿ.ಮೀ. ಓಡಿಸಿ, ಅಲ್ಲೇ ಓಡಿದ 100 ಅಂಕಿಯ ಮಾದರಿ ಟೈರಿನ ಜೊತೆ ಹೋಲಿಸಿ ಕೊಡುವ ಅಂಕಿ. ಕೊಡುವವರೂ ಟೈರು ಮಾಡುವವರೇ. ಆಗುಂಬೆಯ ಹೇರ್‌ಪಿನ್‌ಗೂ ಅದಕ್ಕೂ ಸಂಬಂಧವಿಲ್ಲ.

ಈಗ ನಾನು ಮಾಡಿದ್ದು. ಚಕ್ರದ ಕೋನ ಅಳೆಯುವ 3ಡಿ ಮಷೀನಿಗೆ ಹತ್ತಿಸಿದರೆ ಹಿಂದಿನ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಓರೆ) ಕಂಪನಿ ಮಿತಿಯೊಳಗೆ, ಟೋ-ಇನ್ (ಚಕ್ರದ ಮುಂತುದಿ ಒಳಕ್ಕೆ ತಿರುಗಿರುವುದು) ಮಿತಿಯೊಳಗೆ, ಪರದೆ ತುಂಬ ಹಸಿರು. ಹಿಂದಿನ ಮೂರು ಪ್ರಿಂಟ್‌ಔಟಿನಲ್ಲೂ ಹಾಗೇ ಇತ್ತು. ಆದರೆ ಅಂಗೈಯಲ್ಲಿ ಟೈರಿನ ಬಟನ್ ಅಡ್ಡಡ್ಡ ಸವರಿದರೆ ಒಂದು ದಿಕ್ಕಿಗೆ ನಯ, ಎದುರು ದಿಕ್ಕಿಗೆ ಗರಗಸ. ಆ ಗರಗಸ ನೋಡಿದ ದಿಕ್ಕು ಟೋ-ಔಟ್‌ನದು, ಅಂದರೆ ಮುಂತುದಿ ಹೊರಕ್ಕೆ ತಿರುಗಿದ್ದು! ಮಷೀನು ಟೋ-ಇನ್ ಅನ್ನುತ್ತಿದೆ, ರಬ್ಬರು ಟೋ-ಔಟ್ ಅನ್ನುತ್ತಿದೆ. ಎರಡರಲ್ಲಿ ನಾನು ಯಾವಾಗಲೂ ರಬ್ಬರನ್ನೇ ನಂಬುತ್ತೇನೆ. ಮಷೀನು ಕಾರನ್ನು ನೋಡುವುದು ನಿಂತಾಗ, ಟೈರು ನೋಡುವುದು ಓಡುವಾಗ.

ಎಲ್ಲರೂ ದೂರುತ್ತಿದ್ದದ್ದು ಆಕ್ಸಲರೇಟರನ್ನು. 300 ಎಚ್‌ಪಿ, 380 ನ್ಯೂಟನ್ ಮೀಟರ್, ಎಲ್ಲವೂ ಹಿಂದಿನ ಎರಡು ಚಕ್ರಕ್ಕೆ, ತಿರುವಿನಿಂದ ಹೊರಗೆ ಬರುವಾಗ ಒತ್ತಿದರೆ ಟೈರು ಉಳಿಯುತ್ತದಾ ಎಂದು. ಮಾಲೀಕರಿಗೂ ಅದೇ ಅಪರಾಧಿ ಭಾವ. ನಾನು ಟೈರಿಗೆ ಸೂಜಿ ಚುಚ್ಚಿ ಬಿಸಿ ಅಳೆಯುವ ಪೈರೋಮೀಟರ್ ಹಿಡಿದುಕೊಂಡು ಅವರ ಜೊತೆ ಘಾಟಿಯ ಬುಡದ ಸೋಮೇಶ್ವರಕ್ಕೆ ಹೋದೆ. ಕೆಳಗಿನಿಂದ ಆಗುಂಬೆಗೆ ಹತ್ತಿ ನಿಂತ ಕೂಡಲೇ ನೋಡಿದರೆ ಟೈರಿನ ಒಳಗೂ ಹೊರಗೂ ಏಳೆಂಟು ಡಿಗ್ರಿ ವ್ಯತ್ಯಾಸ, ನೆಗೆಟಿವ್ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲಿದ್ದು) ಇರುವ ಕಾರಿಗೆ ಅದು ಸಹಜ. ಇಳಿದು ಬಂದು ನೋಡಿದರೆ ಇಪ್ಪತ್ತರ ಮೇಲೆ. ಮತ್ತೆ ಹತ್ತಿ ಇಳಿದರೂ ಅದೇ ಕತೆ. ಟೈರು ಸವೆಯುತ್ತಿದ್ದದ್ದು ಹತ್ತುವಾಗ ಅಲ್ಲ, ಇಳಿಯುವಾಗ.

ಇಳಿಯುವಾಗ ಅವರು ಸೆಕೆಂಡ್ ಗೇರಿನಲ್ಲಿ ಎಂಜಿನ್ ಬ್ರೇಕಿಂಗ್ ಮೇಲೆ ಬರುತ್ತಾರೆ, ಒಳ್ಳೆಯ ಅಭ್ಯಾಸವೇ. ಆದರೆ ಎಂಜಿನ್ ತಡೆಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಬುಷ್ (ಕೀಲಿನ ರಬ್ಬರು) ಸಡಿಲವಾಗಿದ್ದರೆ ಚಕ್ರ ಹಿಂದಕ್ಕೆ ಜಗ್ಗಿ ಟೋ-ಔಟ್ ಆಗುತ್ತದೆ. ಕಾರು ನಿಂತ ಕೂಡಲೇ ಬುಷ್ ಮತ್ತೆ ಸ್ವಸ್ಥಾನಕ್ಕೆ ಬಂದು ಮಷೀನಿಗೆ ಹಸಿರು ತೋರಿಸುತ್ತದೆ.

ಇದನ್ನು ಸಾಬೀತು ಮಾಡಲು ಮುಂದಿನ ಚಕ್ರಕ್ಕೆ ಗಟ್ಟಿ ಅಡೆ ಕೊಟ್ಟು, ಹಿಂದಿನವನ್ನು ಜಾರುವ ಪ್ಲೇಟಿನ ಮೇಲೆ ನಿಲ್ಲಿಸಿ, ಲಾರಿಯವರು ಲೋಡು ಬಿಗಿಯುವ ರ‍್ಯಾಚೆಟ್ ಪಟ್ಟಿಯಿಂದ ಚಕ್ರವನ್ನು ಹಿಂದಕ್ಕೆ ಎಳೆದೆ. ಪಟ್ಟಿಯನ್ನು ಎಲ್ಲಿ ಸಿಕ್ಕಿಸಬೇಕು, ಎಷ್ಟು ಎಳೆಯಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಪರದೆಯ ಮೇಲೆ ಟೋ ಕಣ್ಣೆದುರೇ ಇನ್‌ನಿಂದ ಔಟ್‌ಗೆ ಸರಿಯಿತು, ಎಡಗಡೆ ಕಾಲು ಡಿಗ್ರಿಯಷ್ಟು. ಕಾಲು ಡಿಗ್ರಿ ಎಂದರೆ ಟೈರು ಪ್ರತಿ ಕಿಲೋಮೀಟರಿಗೆ ನಾಲ್ಕು ಮೀಟರಿಗೂ ಹೆಚ್ಚು ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಅದೂ ಭಾರವೆಲ್ಲ ಒಳ ಅಂಚಿನ ಮೇಲೆ ಕೂತಿರುವಾಗ. ಆಟೋ ಕಾಂಪ್ಲೆಕ್ಸಿನ ಇಬ್ಬರು ಹಿರಿಯ ಮೇಸ್ತ್ರಿಗಳನ್ನು ಕರೆದು ತೋರಿಸಿದೆ. ಒಬ್ಬರು ಏನೂ ಹೇಳದೆ ಮತ್ತೊಮ್ಮೆ ಎಳೆಸಿ ನೋಡಿದರು.

ಆರ್ಮ್ ಜೋಡಿಗೆ ಕೇಳಿದ ಬೆಲೆ ಲಕ್ಷದ ಹತ್ತಿರ, ಬುಷ್ ಮಾತ್ರ ಬೇರೆ ಕೊಡುವುದಿಲ್ಲ ಅಂದರು. ಹೊರಗಿನಿಂದ ಬುಷ್ ತರಿಸಿ ಇಲ್ಲೇ ಲೇತ್ ಅಂಗಡಿಯ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಕೂರಿಸಿದೆವು, ಎಲ್ಲ ಸೇರಿ 25 ಸಾವಿರದೊಳಗೆ ಮುಗಿಯಿತು. ಮೊದಲು ಹಾಕಿದ್ದು ಪಾಲಿಯುರೆಥೇನ್. ಟೋ ಅಲ್ಲಾಡಲಿಲ್ಲ, ಆದರೆ ರಿಪ್ಪನ್‌ಪೇಟೆ ರಸ್ತೆಯ ಗುಂಡಿಗಳಲ್ಲಿ ಕಾರು ಕಿರಿಚಿದ ಕಿರಿಚಾಟಕ್ಕೆ ಮಾಲೀಕರ ಹೆಂಡತಿ ಹತ್ತಲೇ ಒಪ್ಪಲಿಲ್ಲ. ಅದನ್ನು ಬಿಚ್ಚಿ ಗಟ್ಟಿ ರಬ್ಬರಿನದು ಹಾಕಿದೆ. ಯಾವ ಗಟ್ಟಿತನ ಎಂದು ಕೇಳಬೇಡಿ. ಇಷ್ಟು ಮಾತ್ರ ಹೇಳುತ್ತೇನೆ: ಬೋಲ್ಟನ್ನು ಲಿಫ್ಟಿನ ಮೇಲೆ ಚಕ್ರ ನೇತಾಡುವಾಗ ಬಿಗಿಯಬೇಡಿ. ಕಾರು ತನ್ನ ಎತ್ತರಕ್ಕೆ ಕೂತ ಮೇಲೆ ಬಿಗಿದರೆ ಬುಷ್ ತಿರುಚಿಕೊಳ್ಳದೆ ಬಾಳುತ್ತದೆ. ನಮ್ಮೂರಲ್ಲಿ ಹತ್ತರಲ್ಲಿ ಎಂಟು ಕಡೆ ಇದನ್ನು ಮಾಡುವುದಿಲ್ಲ.

ಆಮೇಲೆ ಅಲೈನ್‌ಮೆಂಟ್. ಡ್ರೈವರ್ ಸೀಟಿನಲ್ಲಿ ಮಾಲೀಕರ ತೂಕಕ್ಕೆ ಮರಳಿನ ಚೀಲ, ಅರ್ಧ ಟ್ಯಾಂಕ್ ಪೆಟ್ರೋಲ್. ಹಿಂದಿನ ಟೋವನ್ನು ಕಂಪನಿ ಮಿತಿಯ ಕೆಳತುದಿಗೆ ತಂದೆ, ಸೊನ್ನೆಗೆ ಅಲ್ಲ. ಸೊನ್ನೆ ಮಾಡಿದರೆ ಟೈರು ಇನ್ನೂ ಬಾಳಬಹುದು, ಮಳೆಯಲ್ಲಿ ಹಿಂಭಾಗದ ಮೇಲೆ ನಂಬಿಕೆ ಹೋಗುತ್ತದೆ. ಕ್ಯಾಂಬರನ್ನೂ ಕಡಿಮೆ ಕಡೆಯ ಮಿತಿಗೆ ಇಟ್ಟೆ. ಎಡಬಲ ಸಮ ಮಾಡಲು ಒಂದು ಇಡೀ ಮಧ್ಯಾಹ್ನ ಹೋಯಿತು.

ಗಾಳಿಯ ಲೆಕ್ಕ ಮಲೆನಾಡಿನಲ್ಲಿ ಬೇರೆಯೇ. ಡಿಸೆಂಬರ್ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ 15 ಡಿಗ್ರಿ, ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗದಲ್ಲಿ 37. ಹೆಚ್ಚುಕಡಿಮೆ ಐದೂವರೆ ಡಿಗ್ರಿಗೆ ಒಂದು ಪಿಎಸ್‌ಐ ಏರುತ್ತದೆ, ಅಂದರೆ ನಾಲ್ಕರಷ್ಟು ವ್ಯತ್ಯಾಸ ಬರೀ ಹವೆಯಿಂದಲೇ. ಶಿವಮೊಗ್ಗದ ಬಿಸಿಲಲ್ಲಿ ಗಾಳಿ ಹೊಡೆಸಿ ಊರಿಗೆ ಹೋದರೆ ಮಾರನೇ ಬೆಳಿಗ್ಗೆ ಕಡಿಮೆಯಾಗಿರುತ್ತದೆ, ಅಂಚು ಸವೆಯುತ್ತದೆ. ಮನೆಯಲ್ಲೇ ಬೆಳಿಗ್ಗೆ ಕಾರು ಹೊರಡುವ ಮೊದಲು ನೋಡಿಕೊಳ್ಳಲು ಅವರಿಗೆ ಒಳ್ಳೆಯ ಗೇಜ್ ಕೊಡಿಸಿದೆ.

ಅರ್ಧ ಆಯುಸ್ಸಿಗೆ, ಸುಮಾರು 9 ಸಾವಿರಕ್ಕೆ, ಹಿಂದಿನ ಎಡಬಲ ಅದಲುಬದಲು ಮಾಡಿದೆ. ಮುಂದೆ ಹಿಂದೆ ಅಳತೆ ಬೇರೆಯಾದ್ದರಿಂದ ಮುಂದಿನದನ್ನು ಹಿಂದಕ್ಕೆ ಹಾಕುವ ರೊಟೇಶನ್ ಆಗುವುದಿಲ್ಲ. ಆದರೆ ಈ ಟೈರಿಗೆ ಒಳಗೆ-ಹೊರಗೆ ಗುರುತಿದೆ, ತಿರುಗುವ ದಿಕ್ಕಿನ ಬಾಣ ಇಲ್ಲ. ಹಾಗಾಗಿ ಡಿಸ್ಕ್ (ರಿಮ್) ಸಮೇತ ಬದಲಾಯಿಸಬಹುದು. ಶುರುವಾಗಿದ್ದ ಸಣ್ಣ ಗರಗಸ ಅದರಿಂದಲೇ ಮಾಯವಾಯಿತು.

ಲೆಕ್ಕ ಬರೆದಿಡುತ್ತಿದ್ದಾಗ ಇನ್ನೊಂದು ಕಂಡಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸವೆತ ಬೇಸಿಗೆಯ ಅರ್ಧಕ್ಕೆ ಇಳಿದಿತ್ತು. ನೀರು ರಬ್ಬರನ್ನು ತಣ್ಣಗಿಡುತ್ತದೆ, ಉಜ್ಜುವುದೂ ಕಡಿಮೆ. ಹೊಸದಾಗಿ ಜಲ್ಲಿ ಹಾಕಿದ ರಸ್ತೆ ಅದಕ್ಕೆ ತದ್ವಿರುದ್ಧ. ಒಂದು ಬೇಸಿಗೆಯಲ್ಲಿ ಅವರ ಊರಿನ ರಸ್ತೆಗೆ ಹೊಸ ಪದರ ಬಿದ್ದಾಗ ಉಳಿದ ಬಟನ್ ತೋರಿಸುವ ನನ್ನ ಲೆಕ್ಕದ ಗೆರೆ ಒಮ್ಮೆಲೇ ಕೆಳಗೆ ಬಾಗಿತು. ಜಲ್ಲಿಯ ಮೊನೆ ನುಣುಪಾಗುವವರೆಗೆ ಕೇಮನ್ ಬಿಟ್ಟು ಜೀಪಿನಲ್ಲಿ ಓಡಾಡಿ ಅಂದೆ, ಓಡಾಡಿದರು.

ನಿಧಾನ ಓಡಿಸಿ ಎಂದು ಮಾತ್ರ ನಾನು ಒಂದು ಸಲವೂ ಹೇಳಲಿಲ್ಲ. ಅಂಥ ಕಾರು ಕೊಂಡವರಿಗೆ ಹಾಗೆ ಹೇಳುವುದು ಕೆಲಸ ಬಾರದವರ ಲಕ್ಷಣ. ಟೈರು ಸವೆಯಲಿ, ಸಮನಾಗಿ ಸವೆಯಲಿ.

ಈಗ ಉಡುಪಿ, ಹಾಸನ ಕಡೆಯಿಂದಲೂ ಕಾರು ಬರುತ್ತಿವೆ. ಪಟ್ಟಿ ಎಳೆದು ನೋಡುವುದಕ್ಕೇ ಬೇರೆ ಚಾರ್ಜು ಹಾಕುತ್ತೇನೆ, ಸಾಧಾರಣ ಅಲೈನ್‌ಮೆಂಟಿನ ನಾಲ್ಕು ಪಟ್ಟು. ಯಾರೂ ಚೌಕಾಸಿ ಮಾಡಿಲ್ಲ. ಸದ್ಯ ಕೈಯಲ್ಲಿರುವುದು ಡಾಕ್ಟರೊಬ್ಬರ ಬಿಎಂಡಬ್ಲ್ಯು ಎಂ340ಐ. ಅದು ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಕಾರು, ಅಲ್ಲಿ ಹೋಗುತ್ತಿರುವುದು ಮುಂದಿನ ಟೈರಿನ ಹೊರ ಅಂಚು. ಮುಂದಿನ ಕ್ಯಾಂಬರ್ ತಿರುಗಿಸಲು ಕಂಪನಿ ಜಾಗ ಬಿಟ್ಟಿಲ್ಲ. ಸ್ಟ್ರಟ್ಟಿನ (ಸ್ಪ್ರಿಂಗ್ ಕೂತಿರುವ ಶಾಕ್ ಅಬ್ಸಾರ್ಬರ್) ಮೇಲ್ಗಡೆ ಒಂದು ಉಪಾಯ ಹೊಳೆದಿದೆ. ಮಳೆ ಬಿಟ್ಟ ಮೇಲೆ, ಹುಲಿಕಲ್ ಘಾಟಿ ಒಣಗಿದ ಕೂಡಲೇ ಪೈರೋಮೀಟರ್ ಹಿಡಿದು ಹೊರಡುತ್ತೇನೆ.