ರೆಗೇ ಬೆರೆತ ಆಲ್ಬಮ್‌ಗಳನ್ನು ಕೇಳುವವರು ಬೇಸ್‌ನಿಂದ ಶುರು ಮಾಡಿ

ರೆಗೇ ಅಂದ ತಕ್ಷಣ ಎಲ್ಲರೂ ಬಾಬ್ ಮಾರ್ಲಿ ಹತ್ತಿರ ಹೋಗುತ್ತಾರೆ. ಹೋಗಲೇಬೇಕು. ಆದರೆ ಜಮೈಕಾದ ಆ ತಾಳ ಬೇರೆ ಊರು ಸೇರಿ, ಲಂಡನ್ನಿನ ಪಂಕ್ ಹುಡುಗರ ಕೈಗೆ, ಬ್ರಿಸ್ಟಲ್‌ನ ಡಿಜೆಗಳ ಕೈಗೆ ಸಿಕ್ಕಿ ಹುಟ್ಟಿದ ಆಲ್ಬಮ್‌ಗಳೂ ನನಗೆ ಅಷ್ಟೇ ಇಷ್ಟ. ಅವನ್ನು ಕೇಳೋಕೆ ಒಂದು ದಾರಿ ಇದೆ.

ಮೊದಲು ಫೋನಿನ ಸ್ಪೀಕರ್ ಬಿಡಿ. ಅದರಲ್ಲಿ ಬೇಸ್, ಅಂದರೆ ಬೇಸ್ ಗಿಟಾರಿನ ತಗ್ಗಿನ ಸ್ವರ, ಸರಿಯಾಗಿ ಕೇಳಿಸುವುದೇ ಇಲ್ಲ, ಇಲ್ಲಿ ಹಾಡನ್ನು ನಡೆಸುವುದೇ ಬೇಸ್. ಒಳ್ಳೆಯ ಹೆಡ್‌ಫೋನ್ ಸಾಕು. ಮೊದಲ ಸಲ ಸಾಹಿತ್ಯದ ಕಡೆ ಗಮನ ಕೊಡಬೇಡಿ, ಬೇಸ್ ನುಡಿಸುವುದನ್ನಷ್ಟೇ ಬಾಯಲ್ಲಿ ಗುನುಗಿ.

ಆಮೇಲೆ ಎಣಿಸಿ. ಒಂದು, ಎರಡು, ಮೂರು, ನಾಲ್ಕು. ಒಂದರ ಮೇಲೆ ಪೆಟ್ಟು ಬೀಳಲಿ ಅಂತ ನಮ್ಮ ಕಿವಿ ಕಾಯುತ್ತದೆ, ಭಜನೆಗೆ ತಾಳ ಹಾಕಿ ಬೆಳೆದವರಿಗಂತೂ ಇನ್ನೂ ಜಾಸ್ತಿ. ರೆಗೇಯ ‘ಒನ್ ಡ್ರಾಪ್’ನಲ್ಲಿ ಒಂದು ಖಾಲಿ, ಡ್ರಮ್ಮಿನ ದೊಡ್ಡ ಪೆಟ್ಟು ಮೂರಕ್ಕೆ. ಗಿಟಾರ್ ಎರಡಕ್ಕೂ ನಾಲ್ಕಕ್ಕೂ ‘ಚಕ್’ ಅಂದು ನಿಂತುಬಿಡುತ್ತದೆ. ಆ ಖಾಲಿ ಜಾಗ ಒಮ್ಮೆ ಕಿವಿಗೆ ಸಿಕ್ಕರೆ ಮುಂದಿನದೆಲ್ಲ ಸುಲಭ.

ಈಗ ಹಾಡುಗಳನ್ನು ಜೋಡಿಯಾಗಿ ಕೇಳಿ, ಮೂಲ ಮೊದಲು. ಜೂನಿಯರ್ ಮರ್ವಿನ್ 1976ರಲ್ಲಿ ಹಾಡಿದ ‘ಪೊಲೀಸ್ ಅಂಡ್ ಥೀವ್ಸ್’ ಹಾಕಿ. ಅದನ್ನು ಮಾಡಿಸಿದವರು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ಲೀ ‘ಸ್ಕ್ರ್ಯಾಚ್’ ಪೆರ್ರಿ. ತೆಳ್ಳಗೆ ಮೇಲೆ ತೇಲುವ ದನಿ, ಅವಸರವೇ ಇಲ್ಲ. ಅದಾದ ಕೂಡಲೇ ಲಂಡನ್ನಿನ ಪಂಕ್ ತಂಡ ದಿ ಕ್ಲ್ಯಾಶ್ 1977ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಅದೇ ಹಾಡನ್ನು ಹೇಗೆ ಬಾರಿಸಿದ್ದಾರೆ ಕೇಳಿ. ಆ ಆಲ್ಬಮ್ಮಿನಲ್ಲಿ ಹೆಚ್ಚಿನ ಹಾಡುಗಳು ಎರಡು ಮೂರು ನಿಮಿಷಕ್ಕೆ ಮುಗಿದರೆ ಇದು ಮಾತ್ರ ಸುಮಾರು ಆರು ನಿಮಿಷ. ಜಮೈಕಾದವರ ಹಾಗೆ ನುಡಿಸೋಕೆ ಅವರು ಹೋಗಿಲ್ಲ, ತಮ್ಮ ಒರಟು ಗಿಟಾರನ್ನು ಹಾಗೇ ಇಟ್ಟುಕೊಂಡಿದ್ದಾರೆ, ಅದಕ್ಕೇ ಅದು ಅನುಕರಣೆ ಅನ್ನಿಸುವುದಿಲ್ಲ. ಮುಂದೆ 1979ರ ‘ಲಂಡನ್ ಕಾಲಿಂಗ್’ಗೆ ಬನ್ನಿ. ಅದರಲ್ಲಿ ‘ದಿ ಗನ್ಸ್ ಆಫ್ ಬ್ರಿಕ್ಸ್‌ಟನ್’ ಬರೆದು ಹಾಡಿದ್ದು ಬೇಸ್ ನುಡಿಸುವ ಪಾಲ್ ಸಿಮೊನನ್. ಹಾಡು ಬೇಸ್‌ನಿಂದಲೇ ಹುಟ್ಟಿದೆ ಅಂತ ಕೇಳಿದರೇ ಗೊತ್ತಾಗುತ್ತದೆ, ಅಲ್ವಾ?

ಅದೇ ವರ್ಷದ ದಿ ಪೊಲೀಸ್ ತಂಡದ ‘ರೆಗಾಟಾ ಡಿ ಬ್ಲಾಂಕ್’ ಕೂಡ ಕೇಳಿ, ಮುಖ್ಯವಾಗಿ ‘ವಾಕಿಂಗ್ ಆನ್ ದ ಮೂನ್’. ಬೇಸ್‌ನಲ್ಲಿ ಕೆಲವೇ ಸ್ವರ, ಉಳಿದದ್ದೆಲ್ಲ ಗಾಳಿ.

ಗ್ರೇಸ್ ಜೋನ್ಸ್ ಅವರ ‘ನೈಟ್‌ಕ್ಲಬಿಂಗ್’ (1981) ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ ಅಂತ ನನಗೆ ಬೇಜಾರು. ಬಹಾಮಾಸ್‌ನ ನಸಾವ್ ಹತ್ತಿರದ ಕಂಪಾಸ್ ಪಾಯಿಂಟ್ ಸ್ಟುಡಿಯೋದಲ್ಲಿ ರೆಕಾರ್ಡ್ ಆದದ್ದು. ಡ್ರಮ್ ಸ್ಲೈ ಡನ್‌ಬಾರ್, ಬೇಸ್ ರಾಬಿ ಶೇಕ್ಸ್‌ಪಿಯರ್, ಇಬ್ಬರೂ ಕಿಂಗ್‌ಸ್ಟನ್‌ನವರು. ಡಿಸ್ಕೋ ಹಾಡುತ್ತಿದ್ದವರ ಹಿಂದೆ ಈ ಜೋಡಿ ಕೂತ ಮೇಲೆ ಗ್ರೇಸ್ ದನಿಗೇ ಬೇರೆ ಗತ್ತು ಬಂದಿದೆ.

ಇನ್ನು ಡಬ್. ಕಿಂಗ್‌ಸ್ಟನ್‌ನಲ್ಲಿ ಕಿಂಗ್ ಟಬ್ಬಿಯಂಥವರು ಮುಗಿದ ಹಾಡನ್ನು ಮತ್ತೆ ಮಿಕ್ಸರ್ ಮುಂದಿಟ್ಟು, ದನಿ ತೆಗೆದು, ಬೇಸ್ ಏರಿಸಿ, ಎಲ್ಲೋ ಒಂದು ತುಣುಕಿಗೆ ಎಕೋ ಕೊಟ್ಟು ಹೊಸ ಹಾಡನ್ನೇ ಮಾಡುತ್ತಿದ್ದರು. ಅದು ಅರ್ಥವಾಗಬೇಕಾದರೆ ಬ್ರಿಸ್ಟಲ್‌ನ ತಂಡ ಮ್ಯಾಸಿವ್ ಅಟ್ಯಾಕ್‌ನ ‘ಪ್ರೊಟೆಕ್ಷನ್’ (1994) ಪೂರ್ತಿ ಕೇಳಿ, ಮಾರನೇ ದಿನ ಅದನ್ನೇ ಡಬ್ ಮಾಡುವ ಮ್ಯಾಡ್ ಪ್ರೊಫೆಸರ್ ಬಿಚ್ಚಿ ಕಟ್ಟಿದ ‘ನೋ ಪ್ರೊಟೆಕ್ಷನ್’ (1995) ಕೇಳಿ. ಟ್ರೇಸಿ ಥಾರ್ನ್ ಹಾಡಿದ ಸಾಲುಗಳು ಚೂರುಚೂರಾಗಿ ಬಂದು ಮಾಯವಾಗುತ್ತವೆ. ನನಗೆ ಎರಡನೆಯದೇ ಹೆಚ್ಚು.

ಕೊನೆಗೆ ಮ್ಯಾಸಿವ್ ಅಟ್ಯಾಕ್ ಅವರದೇ ‘ಮೆಜನೀನ್’ (1998), ರಾತ್ರಿ ಕೇಳಿ. ‘ಏಂಜೆಲ್’ ಹಾಡಿದ ಆ ನಡುಗುವ ದನಿ ಜಮೈಕಾದ ಹೊರೇಸ್ ಆಂಡಿ ಅವರದು. ಹಿಡಿಸಿದರೆ ಅಲ್ಲಿಂದ ಹಿಂದಕ್ಕೆ ಹೋಗಿ, ಅವರು ಜಮೈಕಾದ ರೆಕಾರ್ಡ್ ಕಂಪನಿ ಸ್ಟುಡಿಯೋ ಒನ್‌ಗೆ ಹಾಡಿದ 1972ರ ‘ಸ್ಕೈಲಾರ್ಕಿಂಗ್’ ಹಾಕಿ. ಇಲ್ಲೂ ಬೇಸ್ ಮೊದಲು.