ಲಕ್ಷ್ಮಮ್ಮನ ಹೆಸರು ಟೈಪಾಗದ ಆ್ಯಪ್

ನಮ್ಮ ಕಡೆಯ ನಾಲ್ಕು ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳಿಗಾಗಿ ನಾನೊಬ್ಬನೇ ಕುಳಿತು ಒಂದು ಆಂಡ್ರಾಯ್ಡ್ ಆ್ಯಪ್ ಬರೆದೆ. ಸದಸ್ಯರ ಸಂಖ್ಯೆ, ಹೆಸರು, ಹಾಲಿನ ಲೀಟರು ಮತ್ತು ಫ್ಯಾಟ್ (ಕೊಬ್ಬಿನಂಶ) ಇಷ್ಟನ್ನು ಬೆಳಿಗ್ಗೆ ಮತ್ತು ಸಂಜೆ ದಾಖಲಿಸಿಕೊಳ್ಳುವುದು ಅದರ ಕೆಲಸ. ನಾಲ್ಕು ಟೆಕ್ಸ್ಟ್ ಫೀಲ್ಡ್, ಒಂದು ಬಟನ್. ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲವೆಂದು ಭಾವಿಸಿ, ನನ್ನ ಸಮಯವನ್ನೆಲ್ಲ ದರದ ಲೆಕ್ಕಕ್ಕೂ ಚೀಟಿ ಮುದ್ರಣಕ್ಕೂ ಕೊಟ್ಟಿದ್ದೆ. ಮೊದಲ ದಿನವೇ ಒಂದು ಸಂಘದ ಕಾರ್ಯದರ್ಶಿ ಫೋನ್ ಮಾಡಿ, "ಸಾರ್, ಲಕ್ಷ್ಮಮ್ಮ ಅಂತ ಹೊಡೆಯೋಕೆ ಹೋದರೆ ಲಲಕಲಕ್ ಅಂತ ಬರ್ತಿದೆ" ಎಂದರು. ಇನ್ನೊಂದು ಸಂಘದ ದೂರು ಬೇರೆಯೇ ಆಗಿತ್ತು. ಅಲ್ಲಿ ಹೆಸರಿನ ಫೀಲ್ಡಿನಲ್ಲಿ ಯಾವ ಕೀಲಿ ಒತ್ತಿದರೂ ಒಂದಕ್ಷರವೂ ಮೂಡುತ್ತಿರಲಿಲ್ಲ.

ನಾನು ಪರೀಕ್ಷೆ ಮಾಡಿದ್ದು ಗಣಕದಲ್ಲೇ ಫೋನನ್ನು ಅನುಕರಿಸುವ ಎಮ್ಯುಲೇಟರಿನಲ್ಲಿ, ಅದೂ ಕನ್ನಡ ಹೆಸರುಗಳನ್ನು ಬೇರೆಡೆಯಿಂದ ಪೇಸ್ಟ್ ಮಾಡಿ. ಹಾಗಾಗಿ ಎರಡೂ ತೊಂದರೆಗಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹುಡುಕುತ್ತ ಹೋದಾಗ ಎರಡಕ್ಕೂ ಮೂಲ ಒಂದೇ ಎಂದು ತಿಳಿಯಿತು: ಹೆಸರಿನಲ್ಲಿ ಕನ್ನಡ ಅಕ್ಷರಗಳು ಮಾತ್ರ ಇರಲಿ ಎಂದು ನಾನು ಬರೆದಿದ್ದ, ಫೀಲ್ಡಿಗೆ ಬರುವ ಅಕ್ಷರಗಳನ್ನು ಸೋಸುವ ಆರು ಸಾಲಿನ ಇನ್‌ಪುಟ್ ಫಿಲ್ಟರ್.

ಪರದೆಯ ಮೇಲಿನ ಕೀಬೋರ್ಡ್ ನಮ್ಮ ಆ್ಯಪಿನ ಭಾಗವಲ್ಲ. ಅದು ಪ್ರತ್ಯೇಕವಾಗಿ ಓಡುತ್ತಿರುವ ಇನ್ನೊಂದು ಪ್ರೋಗ್ರಾಮ್. ಅದು ಗಣಕದ ಕೀಲಿಮಣೆಯಂತೆ ಒಂದೊಂದೇ ಕೀಲಿಯ ಸುದ್ದಿಯನ್ನು ಕಳಿಸುವುದಿಲ್ಲ. ಬರೆಯುತ್ತಿರುವ ಪದವನ್ನು ಇನ್ನೂ ಮುಗಿಯದ ಪಠ್ಯವೆಂದು ಅಡಿಗೆರೆಯೊಡನೆ ಫೀಲ್ಡಿನಲ್ಲಿ ಇರಿಸಿ, ಪ್ರತಿ ಸಲವೂ ಆ ಇಡೀ ತುಂಡನ್ನು ಹೊಸದರಿಂದ ಬದಲಾಯಿಸುತ್ತ ಹೋಗುತ್ತದೆ. ಮೊದಲು ಲ, ಅದರ ಜಾಗದಲ್ಲಿ ಲಕ, ಅದರ ಜಾಗದಲ್ಲಿ ಲಕ್. ಮುಗಿಯದ ತುಂಡು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಆಂಡ್ರಾಯ್ಡ್ ಪಠ್ಯಕ್ಕೆ ಅಂಟಿಸಿದ ಸ್ಪ್ಯಾನ್ ಎಂಬ ಗುರುತುಗಳ ಮೂಲಕ ನೆನಪಿಟ್ಟುಕೊಳ್ಳುತ್ತದೆ. ನನ್ನ ಫಿಲ್ಟರ್ ಪ್ರತಿ ಸಲವೂ ಅಕ್ಷರಗಳನ್ನು ಸೋಸಿ ಹೊಸ ಸ್ಟ್ರಿಂಗ್ (ಬರಿಯ ಅಕ್ಷರಗಳ ಸಾಲು) ಒಂದನ್ನು ಹಿಂದಿರುಗಿಸುತ್ತಿದ್ದುದರಿಂದ ಆ ಗುರುತುಗಳು ಅಳಿಸಿಹೋಗುತ್ತಿದ್ದವು. ಬದಲಾಯಿಸಬೇಕಾದ ತುಂಡು ಸಿಗದಿದ್ದಾಗ ಹೊಸ ತುಂಡು ಕರ್ಸರ್ ಇದ್ದಲ್ಲಿಗೇ ಸೇರಿಕೊಳ್ಳುತ್ತದೆ. ಲ, ಲಕ, ಲಕ್ ಒಂದರ ಪಕ್ಕ ಒಂದು ನಿಂತರೆ ಲಲಕಲಕ್.

ಎರಡನೆಯ ಸಂಘದವರು ಬಳಸುತ್ತಿದ್ದುದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದು ಕನ್ನಡ ಪದವನ್ನು ಆರಿಸಿಕೊಳ್ಳುವ ಲಿಪ್ಯಂತರ ಕೀಬೋರ್ಡ್. ಅಲ್ಲಿ ಮೊದಲು ಫೀಲ್ಡಿಗೆ ಬರುವುದೇ ರೋಮನ್ ಅಕ್ಷರ, ಕನ್ನಡ ಬರುವುದು ಪದ ಮುಗಿದ ಮೇಲೆ. ಬಾಗಿಲಲ್ಲೇ ನಿಂತು ರೋಮನ್ ಅಕ್ಷರಗಳನ್ನೆಲ್ಲ ಓಡಿಸುತ್ತಿದ್ದ ನನ್ನ ಫಿಲ್ಟರ್, ಕನ್ನಡವನ್ನು ಕಾಪಾಡುವ ಹೆಸರಿನಲ್ಲಿ ಕನ್ನಡವನ್ನೇ ಒಳಗೆ ಬಿಡುತ್ತಿರಲಿಲ್ಲ.

ಫಿಲ್ಟರನ್ನು ಕಿತ್ತುಹಾಕಿದೆ. ಬರೆಯುವಾಗ ಪಠ್ಯವನ್ನು ಮುಟ್ಟದೆ, ಕಾರ್ಯದರ್ಶಿ ಉಳಿಸುವ ಬಟನ್ ಒತ್ತಿದಾಗ ಮಾತ್ರ ಪರಿಶೀಲಿಸುತ್ತೇನೆ. ಹೆಸರನ್ನು ಹುಡುಕುವ ಫೀಲ್ಡಿನಲ್ಲಿ ಮಾತ್ರ ಬರೆಯುತ್ತಿರುವಾಗಲೇ ಪಟ್ಟಿ ಬದಲಾಗಬೇಕಿತ್ತು. ಅಲ್ಲಿ ಮುಗಿಯದ ತುಂಡು ಎಲ್ಲಿ ಶುರುವಾಗುತ್ತದೆಂದು ತಿಳಿಸುವ, ಆಂಡ್ರಾಯ್ಡಿನ ಬೇಸ್‌ಇನ್‌ಪುಟ್‌ಕನೆಕ್ಷನ್‌ನ ಗೆಟ್‌ಕಂಪೋಸಿಂಗ್‌ಸ್ಪ್ಯಾನ್‌ಸ್ಟಾರ್ಟ್ ಕೇಳಿ, ಉತ್ತರ -1 ಬಂದರೆ, ಅಂದರೆ ಮುಗಿಯದ ತುಂಡು ಯಾವುದೂ ಇಲ್ಲದಿದ್ದರೆ, ಆಗಷ್ಟೇ ಹುಡುಕುತ್ತೇನೆ. ಐಫೋನಿನಲ್ಲಿ ಇದೇ ಕೆಲಸಕ್ಕೆ ಮಾರ್ಕ್ಡ್‌ಟೆಕ್ಸ್ಟ್‌ರೇಂಜ್ ಇದೆ.

ಉಳಿಸುವಾಗ ಮಾಡುವ ಕೆಲಸ ಎರಡು. ಸೂಚನೆಯ ಪಟ್ಟಿಯಿಂದ ಪದ ಆರಿಸಿದಾಗ ಕೆಲವು ಕೀಬೋರ್ಡುಗಳು ತಾವೇ ಸೇರಿಸುವ ಕೊನೆಯ ಖಾಲಿ ಜಾಗವನ್ನು ತೆಗೆಯುವುದು ಒಂದು. ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಅಕ್ಷರವನ್ನು ಬೇರೆ ಬೇರೆ ಸಂಕೇತಗಳಲ್ಲಿ ಬರೆದಿದ್ದರೂ ಒಂದೇ ಬಗೆಯಾಗಿಸುವ ರೂಪಕ್ಕೆ, ತರುವುದು ಇನ್ನೊಂದು. ಗೋವಿಂದ ಎಂಬಲ್ಲಿನ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟು ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸಿ ನೋಡುವ ಕೋಡಿಗೆ ಬೇರೆ ಬೇರೆ.

ಅಕ್ಷರಗಳ ಮಿತಿಯದು ಇನ್ನೊಂದು ಕಥೆ. ಮುದ್ರಿಸುವ ಚೀಟಿಯ ಅಗಲಕ್ಕೆ ಹೊಂದಲೆಂದು ಹೆಸರಿಗೆ 15 ಅಕ್ಷರಗಳ ಮಿತಿ ಹಾಕಿದ್ದೆ. ಲಕ್ಷ್ಮೀನರಸಿಂಹಮೂರ್ತಿ ಎಂಬುದನ್ನು ಯಾವ ಕನ್ನಡಿಗನೂ ಎಂಟು ಅಕ್ಷರಗಳೆಂದೇ ಎಣಿಸುತ್ತಾನೆ. ಆದರೆ ಯಂತ್ರ ವ್ಯಂಜನ, ಹಲಂತ, ಕಾಗುಣಿತದ ಚಿಹ್ನೆಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸುವುದರಿಂದ ಅದರ ಲೆಕ್ಕದಲ್ಲಿ 19 ಆಗಿ, ಚೀಟಿಯಲ್ಲಿ ಲಕ್ಷ್ಮೀನರಸಿಂಹಮೂ ಎಂದು ಮುದ್ರಣವಾಯಿತು. ಬ್ರೇಕ್‌ಇಟರೇಟರ್ (ಪಠ್ಯವನ್ನು ಅಕ್ಷರಗಳಾಗಿ ಬಿಡಿಸಿಕೊಡುವ ಸಾಧನ) ಬಳಸಿ ಎಣಿಸೋಣವೆಂದರೆ ಅದೂ ಪೂರ್ತಿ ಒಲಿಯಲಿಲ್ಲ. ಲಕ್ಷ್ಮಮ್ಮ ನಮಗೆ ಮೂರು ಅಕ್ಷರ, ಸ್ಟ್ರಿಂಗಿನ ಉದ್ದ ಒಂಬತ್ತು. ಬ್ರೇಕ್‌ಇಟರೇಟರ್ ಕನ್ನಡದ ಒತ್ತಕ್ಷರಗಳನ್ನು ಹಲಂತದ ಬಳಿ ಒಡೆಯುವುದರಿಂದ ಅದರ ಉತ್ತರ ಆರು. ಕೊನೆಗೆ ಎಣಿಸುವುದನ್ನೇ ಬಿಟ್ಟೆ. ನನಗೆ ಬೇಕಿದ್ದುದು ಎಷ್ಟು ಅಕ್ಷರ ಎಂಬುದಲ್ಲ, ಚೀಟಿಯಲ್ಲಿ ಎಷ್ಟು ಅಗಲ ಹಿಡಿಯುತ್ತದೆ ಎಂಬುದು. ಅದನ್ನು ಮುದ್ರಿಸುವಾಗ ಪೇಂಟ್‌ನ ಮೆಷರ್‌ಟೆಕ್ಸ್ಟ್‌ನಿಂದ ಅಳೆದು, ಹಿಡಿಸದಿದ್ದರೆ ಫಾಂಟಿನ ಗಾತ್ರ ಇಳಿಸುತ್ತೇನೆ.

ಅಂಕಿಗಳ ಫೀಲ್ಡುಗಳನ್ನೂ ಮೊದಲ ಆವೃತ್ತಿಯಲ್ಲಿ ಸಾಧಾರಣ ಪಠ್ಯದ ಬಗೆಯವಾಗಿಯೇ ಬಿಟ್ಟಿದ್ದೆ. ಕನ್ನಡ ಕೀಬೋರ್ಡ್ ತೆರೆದೇ ಇರುತ್ತಿದ್ದುದರಿಂದ ಒಬ್ಬರು ಕನ್ನಡ ಅಂಕಿಗಳಲ್ಲೇ ತುಂಬಿದರು. ವಿಚಿತ್ರವೆಂದರೆ ಸದಸ್ಯ ಸಂಖ್ಯೆ ೧೨೭ ಸರಿಯಾಗಿ ದಾಖಲಾಯಿತು, ಫ್ಯಾಟ್ ೪.೨ ಎಂದು ಕೊಟ್ಟ ಕೂಡಲೇ ಆ್ಯಪ್ ಮುಚ್ಚಿಕೊಂಡಿತು. ಜಾವಾದ ಪೂರ್ಣಾಂಕ ಓದುವ ಪಾರ್ಸ್‌ಇಂಟ್ ಯಾವ ಲಿಪಿಯ ಅಂಕಿಯನ್ನಾದರೂ ಒಪ್ಪುತ್ತದೆ, ದಶಮಾಂಶ ಓದುವ ಪಾರ್ಸ್‌ಡಬಲ್ ಒಪ್ಪುವುದಿಲ್ಲ. ಈಗ ಆ ಫೀಲ್ಡುಗಳಿಗೆ ಸಂಖ್ಯೆಯ ಮತ್ತು ದಶಮಾಂಶದ ಬಗೆಯನ್ನೇ ಕೊಟ್ಟಿದ್ದೇನೆ. ಆದರೂ ಪಾರ್ಸ್ ಮಾಡುವ ಮುನ್ನ ಕನ್ನಡ ಅಂಕಿಗಳನ್ನು ಬದಲಾಯಿಸುವ ಎರಡು ಸಾಲುಗಳನ್ನು ಉಳಿಸಿಕೊಂಡಿದ್ದೇನೆ. ಕನ್ನಡ ಅಂಕಿ ಬರೆದವರನ್ನು ತಪ್ಪಿತಸ್ಥರನ್ನಾಗಿಸುವ ಆ್ಯಪ್ ನನ್ನದಾಗುವುದು ಬೇಡ.

ಕೀಬೋರ್ಡ್ ಮೇಲೆದ್ದಾಗ ಉಳಿಸುವ ಬಟನ್ ಅದರ ಹಿಂದೆ ಅಡಗುವುದು ಎಲ್ಲರಿಗೂ ಗೊತ್ತಿರುವ ಕಾಟ. ಮೊದಲು ಕೀಬೋರ್ಡ್ ಬಂದಾಗ ಆ್ಯಪಿನ ಜಾಗವನ್ನು ಕುಗ್ಗಿಸುವ ಅಡ್ಜಸ್ಟ್‌ರೀಸೈಜ್ ಸಾಕಾಗಿತ್ತು. ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ಹೊಂದಿದ್ದೆಂದು ಸೂಚಿಸುವ ಟಾರ್ಗೆಟ್ ಎಸ್‌ಡಿಕೆಯನ್ನು 35ಕ್ಕೆ ಏರಿಸಿದ ಮೇಲೆ, ಆಂಡ್ರಾಯ್ಡ್ 15ರ ಫೋನುಗಳಲ್ಲಿ ಆ್ಯಪ್ ಪರದೆಯ ಅಂಚಿನಿಂದ ಅಂಚಿಗೆ ಹರಡಲೇಬೇಕಾಗಿ, ಕೀಬೋರ್ಡಿನ ಎತ್ತರವನ್ನು, ಪರದೆಯ ಅಂಚುಗಳನ್ನು ಯಾವುದು ಎಷ್ಟು ಆವರಿಸಿದೆ ಎಂದು ತಿಳಿಸುವ ವಿಂಡೋ ಇನ್‌ಸೆಟ್‌ಗಳಿಂದ ನಾವೇ ಪಡೆದು ಕೆಳಗೆ ಅಷ್ಟು ಜಾಗ ಬಿಡಬೇಕಾಯಿತು. ಅಲ್ಲಿ ನಾನು ಕೀಬೋರ್ಡಿನ ಎತ್ತರಕ್ಕೆ ನ್ಯಾವಿಗೇಷನ್ ಪಟ್ಟಿಯ ಎತ್ತರವನ್ನೂ ಕೂಡಿಸಿ, ನಡುವೆ ಒಂದು ಖಾಲಿ ಪಟ್ಟಿ ಬಂದಿತೆಂದು ಅರ್ಧ ದಿನ ಕಳೆದೆ. ಕೀಬೋರ್ಡಿನ ಎತ್ತರ ಲೆಕ್ಕವಾಗುವುದು ಪರದೆಯ ತಳದಿಂದ, ನ್ಯಾವಿಗೇಷನ್ ಪಟ್ಟಿ ಅದರಲ್ಲೇ ಸೇರಿರುತ್ತದೆ. ಎರಡರಲ್ಲಿ ದೊಡ್ಡದನ್ನು ತೆಗೆದುಕೊಳ್ಳಬೇಕು, ಕೂಡಿಸಬಾರದು.

ಇಷ್ಟೆಲ್ಲ ಆದ ಮೇಲೆ ಒಂದು ಬೆಳಿಗ್ಗೆ ಸಂಘದಲ್ಲೇ ನಿಂತು ನೋಡಿದೆ. ಕ್ಯಾನು ಹಿಡಿದವರ ಸಾಲು ಬಾಗಿಲಾಚೆಗೂ ಇತ್ತು. ಕಾರ್ಯದರ್ಶಿ ಸಂಖ್ಯೆ ಹೊಡೆದು, ಹೆಸರಿಗೆ ಹೋದಾಗ ಕನ್ನಡ ಕೀಬೋರ್ಡ್, ಲೀಟರಿಗೆ ಬಂದಾಗ ಮತ್ತೆ ಅಂಕಿಯದು, ಉಳಿಸಿದ ಕೂಡಲೇ ಅದೂ ಮಾಯ; ಪ್ರತಿ ಸದಸ್ಯರಿಗೂ ಪರದೆ ಏಳುತ್ತ ಬೀಳುತ್ತ ಇತ್ತು. ಹೆಸರಿನ ಫೀಲ್ಡನ್ನು ಅಲ್ಲಿಂದ ತೆಗೆದು ಸದಸ್ಯರ ನೋಂದಣಿಯ ಪುಟಕ್ಕೆ ಮಾತ್ರ ಸೇರಿಸಿದೆ. ದಿನದ ಪುಟದಲ್ಲಿ ಸಂಖ್ಯೆ ಹೊಡೆದರೆ ಹೆಸರು ತಾನಾಗಿ ಮೇಲೆ ಕಾಣಿಸುತ್ತದೆ. ಕೀಬೋರ್ಡಿನ ಮೂಲೆಯ ಕೀಲಿಗೆ ಮೊದಲೆರಡು ಫೀಲ್ಡುಗಳಲ್ಲಿ ಮುಂದಿನದಕ್ಕೆ ಹೋಗುವ ಕೆಲಸವನ್ನೂ, ಫ್ಯಾಟಿನಲ್ಲಿ ಉಳಿಸುವ ಕೆಲಸವನ್ನೂ ಕೊಟ್ಟೆ. ಉಳಿಸಿದ ಮೇಲೆ ಕೀಬೋರ್ಡನ್ನು ಮುಚ್ಚುತ್ತಿದ್ದ ಸಾಲನ್ನು ಅಳಿಸಿ, ಕರ್ಸರನ್ನು ಮತ್ತೆ ಸದಸ್ಯ ಸಂಖ್ಯೆಗೆ ತಂದೆ. ಈಗ ಮುಂದಿನ ಕ್ಯಾನು ಮೇಜಿನ ಮೇಲೆ ಬರುವಷ್ಟರಲ್ಲಿ ಅಂಕಿಗಳ ಕೀಬೋರ್ಡ್ ಎದುರಿಗೇ ಇರುತ್ತದೆ.