ಮಗುವಿಗೆ ಪದೇ ಪದೇ ಕೆಮ್ಮು, ಕಫ ಬರ್ತಿದೆಯಾ? ಮನೆಯೊಳಗಿನ ಗಾಳಿಯನ್ನೂ ನೋಡಿ

ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಸಾಮಾನ್ಯ. ಅದಕ್ಕೆಲ್ಲ ಗಾಬರಿ ಬೇಡ. ಆದರೆ ಪ್ರತಿ ನೆಗಡಿಯೂ ಎದೆಗಿಳಿದು ಗೊರಗೊರ ಅನ್ನುತ್ತಿದ್ದರೆ, ಡಾಕ್ಟರಿಗೆ ತೋರಿಸಿ, ಜೊತೆಗೆ ಮನೆಯನ್ನೂ ಒಂದು ಸುತ್ತು ನೋಡಿ.

ಹೊಗೆಯಿಂದ ಶುರು ಮಾಡಿ. ನನ್ನ ಪ್ರಕಾರ ಉಳಿದದ್ದೆಲ್ಲ ಇದರ ನಂತರ. ಸೌದೆ, ಬೆರಣಿ, ಇದ್ದಿಲಿನ ಹೊಗೆಯಲ್ಲಿ 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣಗಳಿರುತ್ತವೆ. ಅವು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ಒಳತನಕ ಹೋಗುತ್ತವೆ. ಉಸಿರುನಾಳದ ಒಳಗೆ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ಎಳೆಗಳಿವೆಯಲ್ಲ, ಹೊಗೆ ಅವುಗಳ ಕೆಲಸ ಕೆಡಿಸುತ್ತದೆ, ಆಗ ಒಳಗೆ ಹೋದ ರೋಗಾಣು ಹೊರಗೆ ಬರದೆ ಅಲ್ಲೇ ಬೀಡುಬಿಡುತ್ತದೆ. ಮೇಲಾಗಿ, ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಆದ್ದರಿಂದ ಗ್ಯಾಸ್ ಅಥವಾ ಕರೆಂಟ್ ಒಲೆಗೆ ಬದಲಾಗಲು ಸಾಧ್ಯವಿದ್ದರೆ ಬದಲಾಗಿ. ಆಗದಿದ್ದರೆ ಒಣ ಸೌದೆಯನ್ನೇ ಉರಿಸಿ, ಹೊಗೆ ಹೊರಗೆ ಹೋಗಲು ದಾರಿ ಮಾಡಿ, ಅಡುಗೆ ಮಾಡುವಾಗ ಮಗುವನ್ನು ಕಂಕುಳಲ್ಲಿ ಇಟ್ಟುಕೊಳ್ಳಬೇಡಿ.

ಬೀಡಿ, ಸಿಗರೇಟಿಗೂ ಇದೇ ಮಾತು. ಕಿಟಕಿ ಹತ್ತಿರ ನಿಂತು ಸೇದ್ತೀನಿ ಅನ್ನುವುದು ಸುಮ್ನೆ ಸಮಾಧಾನ ಅಷ್ಟೇ. ಮನೆಯೊಳಗೆ ಸೇದಲೇಬಾರದು. ಹೊರಗೆ ಸೇದಿ ಬಂದವರು ಅಂಗಿ ಬದಲಿಸಿ, ಕೈ ತೊಳೆದು ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಸೇದುವುದನ್ನೇ ಬಿಟ್ಟರೆ ಈ ಪಾಡೇ ಇಲ್ಲ, ಅಲ್ವಾ? ಇನ್ನು ಸೊಳ್ಳೆ ಬತ್ತಿ: ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಸಿದರೆ ಅದೂ ಹೊಗೆಯೇ. ಸೊಳ್ಳೆ ಪರದೆ ಕಟ್ಟಿ.

ಗೋಡೆಯ ಮೇಲೆ ಕಪ್ಪು ಬೂಷ್ಟು ಕಂಡರೆ ಅದರ ಮೇಲೆ ಬಣ್ಣ ಬಳಿದು ಪ್ರಯೋಜನವಿಲ್ಲ. ನೀರು ಎಲ್ಲಿಂದ ಸೋರುತ್ತಿದೆ ಅಂತ ಹುಡುಕಿ ಮೊದಲು ಅದನ್ನು ಮುಚ್ಚಿ. ಒದ್ದೆ ಬಟ್ಟೆಯನ್ನು ಮಗು ಮಲಗುವ ಕೋಣೆಯಲ್ಲಿ ಒಣಗಿಸಬೇಡಿ. ದಿನಾ ಸ್ವಲ್ಪ ಹೊತ್ತು ಎದುರುಬದುರಿನ ಕಿಟಕಿಗಳನ್ನು ತೆರೆದಿಡಿ.

ಜನ ಜಾಸ್ತಿ, ಮನೆ ಚಿಕ್ಕದು ಅನ್ನುವವರಿಗೆ ಇನ್ನೊಂದು ಕೋಣೆ ಕಟ್ಟಿಸಿ ಅಂತ ಹೇಳಿದರೆ ಏನು ಬಂತು? ಕೆಮ್ಮುವವರು ಮಗುವಿನಿಂದ ದೂರ ಮಲಗಲಿ, ಅಷ್ಟು ಮಾಡಿ. ಸ್ಕೂಲಿಂದ ಬಂದ ಅಕ್ಕ ಅಣ್ಣ ಸೋಪು ಹಾಕಿ ಕೈ ತೊಳೆದ ಮೇಲೆಯೇ ಪಾಪುವನ್ನು ಮುಟ್ಟಲಿ, ಏಕೆಂದರೆ ಮನೆಗೆ ನೆಗಡಿ ತರುವವರು ಹೆಚ್ಚಾಗಿ ಅವರೇ. ಅಮ್ಮನಿಗೇ ನೆಗಡಿಯಾದರೆ ಮಾಸ್ಕ್ ಹಾಕಿಕೊಂಡು ಹಾಲು ಕುಡಿಸಲಿ, ನಿಲ್ಲಿಸುವುದು ಬೇಡ. ಮೊದಲ 6 ತಿಂಗಳು ಎದೆಹಾಲು ಮಾತ್ರ ಸಾಕು. ನ್ಯುಮೊಕಾಕಲ್, ಹಿಬ್ (ಎರಡೂ ನ್ಯುಮೋನಿಯಾ ತರುವ ರೋಗಾಣುಗಳ ವಿರುದ್ಧ), ದಡಾರ ಲಸಿಕೆಗಳಲ್ಲಿ ಯಾವುದಾದರೂ ತಪ್ಪಿದೆಯಾ ಅಂತ ಲಸಿಕೆ ಕಾರ್ಡ್ ತೆಗೆದು ನೋಡಿ.

ಇದೆಲ್ಲ ಮಾಡಿದರೂ ಸೋಂಕು ಬರಬಹುದು. ಆಗ ಉಸಿರು ಎಣಿಸುವುದು ಗೊತ್ತಿರಬೇಕು. ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 2 ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಅಲ್ಲಿಂದ 5 ವರ್ಷದವರೆಗೆ 40 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದು ವೇಗದ ಉಸಿರು, ಅವತ್ತೇ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಎಳೆಯುತ್ತಿದ್ದರೆ, ಹಾಲು ಕುಡಿಯಲು ಆಗದಿದ್ದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದಿದ್ದರೆ ಎಣಿಸುತ್ತಾ ಕೂರಬೇಡಿ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.